ಪೊಲೀಸರನ್ನು ಒಬ್ಬರು, ಸೈನ್ಯವನ್ನು ಇನ್ನೊಬ್ಬರು ಕಟ್ಟಿದಾಗ

2006ರ ಮೇ 25. ಆಗ್ನೇಯ ಏಷ್ಯಾದ ಟಿಮೋರ್-ಲೆಸ್ಟೆ ದೇಶದ ರಾಜಧಾನಿ ಡಿಲಿ. ಪೊಲೀಸ್ ಮುಖ್ಯ ಕಚೇರಿಯ ಮೇಲೆ ಆ ದೇಶದ್ದೇ ಸೈನಿಕರು ಗುಂಡು ಹಾರಿಸುತ್ತಿದ್ದರು. ವಿಶ್ವಸಂಸ್ಥೆಯ ಅಧಿಕಾರಿಗಳು ನಡುವೆ ಹೋಗಿ ಮಾತುಕತೆ ನಡೆಸಿದರು. ಒಳಗಿದ್ದ ಪೊಲೀಸರು ಆಯುಧ ಕೆಳಗಿಟ್ಟು, ವಿಶ್ವಸಂಸ್ಥೆಯ ಬಾವುಟದ ಜೊತೆ ಬರಿಗೈಯಲ್ಲಿ ಬೀದಿಗೆ ಬಂದರು. ಸ್ವಲ್ಪ ದೂರ ನಡೆದಿದ್ದರು, ಅಷ್ಟೇ. ಸೈನಿಕರು ಮತ್ತೆ ಗುಂಡು ಹಾರಿಸಿದರು. 8 ಪೊಲೀಸರು ಸತ್ತರು.

ಸತ್ತವರಿಗೂ ಕೊಂದವರಿಗೂ ಸಂಬಳ ಕೊಡುತ್ತಿದ್ದದ್ದು ಒಂದೇ ಸರ್ಕಾರ. ಆ ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ಬರೀ 4 ವರ್ಷ.

ಕಾರಣಗಳು ಹಲವು. ನಾಯಕರ ನಡುವೆ ಹಗೆ ಇತ್ತು. ಪೂರ್ವದವರು, ಪಶ್ಚಿಮದವರು ಅನ್ನೋ ಒಡಕಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ 594 ಸೈನಿಕರನ್ನು ಒಟ್ಟಿಗೇ ಕೆಲಸದಿಂದ ತೆಗೆದಿದ್ದರು. ಅಂದರೆ ಸೈನ್ಯದ ಸುಮಾರು ಶೇಕಡಾ 40ರಷ್ಟು ಮಂದಿ. ಆದರೆ ನನ್ನನ್ನು ಕಾಡುವುದು ಅಷ್ಟಾಗಿ ಸುದ್ದಿಯಾಗದ ಇನ್ನೊಂದು ಕಾರಣ. ಅಲ್ಲಿನ ಪೊಲೀಸ್, ಸೈನ್ಯ ಮತ್ತು ನ್ಯಾಯಾಲಯಗಳನ್ನು ಬೇರೆ ಬೇರೆಯವರು, ಬೇರೆ ಬೇರೆ ಲೆಕ್ಕದಲ್ಲಿ ಕಟ್ಟಿದ್ದರು.

1999ರಲ್ಲಿ ಈ ನಾಡನ್ನು ಹಿಡಿದಿಟ್ಟುಕೊಂಡಿದ್ದ ಇಂಡೋನೇಷ್ಯಾ ಜಾಗ ಖಾಲಿ ಮಾಡಿದ ಮೇಲೆ 2002ರವರೆಗೆ ಅಲ್ಲಿ ಆಡಳಿತ ನಡೆಸಿದ್ದು ವಿಶ್ವಸಂಸ್ಥೆ. ಪೊಲೀಸರಿಗೆ ತರಬೇತಿ ಕೊಟ್ಟವರು ಹತ್ತಾರು ದೇಶಗಳಿಂದ ಬಂದ ಅಧಿಕಾರಿಗಳು. ಒಬ್ಬೊಬ್ಬರೂ ತಮ್ಮ ದೇಶದ ಪದ್ಧತಿಯನ್ನೇ ಹೇಳಿಕೊಟ್ಟರು. ಸೈನ್ಯಕ್ಕೆ ಪೋರ್ಚುಗಲ್, ಆಸ್ಟ್ರೇಲಿಯಾ ಮುಂತಾದ ದೇಶಗಳು ಬೇರೆಯಾಗಿ ನೆರವು ಕೊಟ್ಟವು. ಸೈನ್ಯಕ್ಕೆ ಮೊದಲು ಸೇರಿದ್ದು ಕಾಡಿನಲ್ಲಿ ಹೋರಾಡಿದ ಗೆರಿಲ್ಲಾಗಳು. ಪೊಲೀಸ್ ಸೇರಿದವರಲ್ಲಿ ಇಂಡೋನೇಷ್ಯಾ ಕಾಲದಲ್ಲೇ ಸಮವಸ್ತ್ರ ತೊಟ್ಟಿದ್ದ ನೂರಾರು ಮಂದಿ ಇದ್ದರು. ಇವರಿಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ನಂಬಿಕೆ ಹುಟ್ಟುವುದು ಸುಲಭವಲ್ಲ, ಅಲ್ವಾ? ನ್ಯಾಯಾಂಗದ ಸ್ಥಿತಿ ಇನ್ನೂ ಕಷ್ಟ. 2005ರ ಶುರುವಿನಲ್ಲಿ ಅಲ್ಲಿನ ಪ್ರೊಬೇಷನರಿ ನ್ಯಾಯಾಧೀಶರೆಲ್ಲ ಪರೀಕ್ಷೆಯಲ್ಲಿ ಫೇಲಾದರು. ಅವರ ಜಾಗದಲ್ಲಿ ಹೊರದೇಶದ ನ್ಯಾಯಾಧೀಶರು ಕೂತರು.

ಜಗಳವಾದರೆ ಪೊಲೀಸರು ಎಲ್ಲಿಯವರೆಗೆ, ಸೈನ್ಯ ಎಲ್ಲಿಂದ, ತಪ್ಪು ಮಾಡಿದವರನ್ನು ವಿಚಾರಿಸುವವರು ಯಾರು? ಹಣ ಕೊಟ್ಟವರು ಯಾರೂ ಈ ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸಿರಲಿಲ್ಲ.

ಪೊಲೀಸ್, ಸೈನ್ಯ, ನ್ಯಾಯಾಲಯಗಳನ್ನು ಕಟ್ಟುವ, ತಿದ್ದುವ ಈ ಕೆಲಸಕ್ಕೆ ಭದ್ರತಾ ಮತ್ತು ನ್ಯಾಯ ವಲಯದ ಸುಧಾರಣೆ ಅಂತ ಹೆಸರು. ಇದರಲ್ಲಿ ದುಡಿಯುವವರು ಇಂಗ್ಲಿಷಿನ ಸೆಕ್ಯುರಿಟಿ ಸೆಕ್ಟರ್ ರಿಫಾರ್ಮ್ ಅನ್ನೋದನ್ನು ಚಿಕ್ಕದಾಗಿಸಿ ಸುಮ್ನೆ ಎಸ್‌ಎಸ್‌ಆರ್ ಅನ್ನುತ್ತಾರೆ. ಹೆಸರು ಕೇಳಿ ದೂರದ ವಿಷಯ ಅನ್ನಿಸಬಹುದು. ಮನೆಯಲ್ಲಿ ಹೊಡೆತ ತಿಂದ ಹೆಂಗಸೊಬ್ಬಳನ್ನು ನೆನೆಸಿಕೊಳ್ಳಿ. ಅವಳು ಠಾಣೆಗೆ ಹೋಗಬೇಕು. ಅಲ್ಲಿ ದೂರು ಬರೆದುಕೊಳ್ಳಬೇಕು. ವೈದ್ಯರ ವರದಿ ಬೇಕು. ಸರ್ಕಾರಿ ವಕೀಲ ಬೇಕು, ನ್ಯಾಯಾಧೀಶ ಬೇಕು, ಶಿಕ್ಷೆಯಾದರೆ ಜೈಲು ಬೇಕು. ಇದರಲ್ಲಿ ಒಂದು ಕೊಂಡಿ ಇಲ್ಲದಿದ್ದರೂ ಉಳಿದದ್ದಕ್ಕೆ ಸುರಿದ ಹಣ ನೀರಿಗೆ ಹೋದ ಹಾಗೆ. ಪೊಲೀಸರಿಗೆ ಮಾತ್ರ ಜೀಪು, ತರಬೇತಿ ಕೊಟ್ಟರೆ ಬಂಧನ ಜಾಸ್ತಿಯಾಗುತ್ತದೆ. ನ್ಯಾಯಾಲಯ ಇದ್ದಷ್ಟೇ ಇದ್ದರೆ ಜೈಲು ವಿಚಾರಣಾಧೀನ ಕೈದಿಗಳಿಂದ ತುಂಬುತ್ತದೆ. ಒಳ್ಳೆಯದು ಮಾಡಲು ಹೋಗಿ ಅನ್ಯಾಯ ಹೆಚ್ಚಿಸಿದ ಹಾಗಾಗುತ್ತದೆ.

ಎರಡು ಕೊಳವೆಗಳ ಕಾಲ

ಹೊಂದಾಣಿಕೆ ಇಲ್ಲದಿರುವುದಕ್ಕೆ ಬೇರು ಶೀತಲ ಸಮರದ ಕಾಲದಲ್ಲಿದೆ. 1962ರಲ್ಲಿ ಅಮೆರಿಕ ತನ್ನ ನೆರವು ಸಂಸ್ಥೆಯೊಳಗೆ ಪೊಲೀಸ್ ತರಬೇತಿಗೆ ಒಂದು ಕಚೇರಿ ತೆರೆಯಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಪೊಲೀಸರು ಅದರಿಂದ ತರಬೇತಿ, ಸಾಮಾನು ಪಡೆದರು. ಗುರಿ ಮುಖ್ಯವಾಗಿ ಕಮ್ಯುನಿಸ್ಟರನ್ನು ತಡೆಯುವುದು. ನೆರವು ಪಡೆದ ಪೊಲೀಸರೇ ಜನರಿಗೆ ಚಿತ್ರಹಿಂಸೆ ಕೊಡುತ್ತಿದ್ದಾರೆ ಎಂಬ ಆರೋಪಗಳು ಬಂದವು. 1974ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ ಅದನ್ನು ನಿಲ್ಲಿಸಿತು.

ಆ ಮೇಲೆ ಅಭಿವೃದ್ಧಿ ಸಂಸ್ಥೆಗಳು ಸಮವಸ್ತ್ರದವರ ಹತ್ತಿರವೇ ಸುಳಿಯಲಿಲ್ಲ. ಶಾಲೆ, ನೀರು, ಲಸಿಕೆಗೆ ದುಡ್ಡು ಕೊಡುತ್ತಿದ್ದರು. ಠಾಣೆ, ಜೈಲು ಅಂದರೆ ಬೇಡ ಅನ್ನುತ್ತಿದ್ದರು. ವಿಶ್ವ ಬ್ಯಾಂಕಿನ ನಿಯಮವೇ ರಾಜಕೀಯಕ್ಕೆ ಕೈ ಹಾಕಬಾರದು ಅನ್ನುತ್ತಿತ್ತು. ಸೈನ್ಯದ ನೆರವು ರಕ್ಷಣಾ ಇಲಾಖೆಗಳ ಕೊಳವೆಯಲ್ಲಿ ಹರಿಯಿತು. ಬಡತನದ ನೆರವು ಬೇರೆ ಕೊಳವೆಯಲ್ಲಿ. ಒಂದರಲ್ಲಿ ಏನು ಹರಿಯುತ್ತಿದೆ ಅಂತ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಇವತ್ತಿಗೂ ಸರ್ಕಾರಗಳ ಬಜೆಟ್ ಹೆಚ್ಚುಕಡಿಮೆ ಹಾಗೇ ಇದೆ. ನನಗೆ ಅನ್ನಿಸುವಂತೆ ಮುಂದಿನ ಎಡವಟ್ಟುಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟಿದ್ದು.

1990ರ ದಶಕದಲ್ಲಿ ಯುದ್ಧಗಳು ಒಪ್ಪಂದಗಳಲ್ಲಿ ಮುಗಿಯತೊಡಗಿದವು. 1992ರ ಜನವರಿಯಲ್ಲಿ ಎಲ್ ಸಾಲ್ವಡೋರ್‌ನ ಸರ್ಕಾರ ಮತ್ತು ಗೆರಿಲ್ಲಾಗಳು ಸಹಿ ಹಾಕಿದ ಒಪ್ಪಂದದಲ್ಲಿ ಹಳೆಯ ಭದ್ರತಾ ಪಡೆಗಳನ್ನು ಮುಚ್ಚಿ ಹೊಸ ನಾಗರಿಕ ಪೊಲೀಸ್ ಕಟ್ಟುವ ಮಾತಿತ್ತು. ಮಾಜಿ ಗೆರಿಲ್ಲಾಗಳಿಗೆ 20, ಹಳೆಯ ಪೊಲೀಸರಿಗೆ 20, ಯುದ್ಧದಲ್ಲಿ ಪಾಲ್ಗೊಳ್ಳದವರಿಗೆ 60 ಶೇಕಡಾ ಅಂತ ಲೆಕ್ಕವೂ ಆಯಿತು. ಪೊಲೀಸ್ ಬಂದರು. ನ್ಯಾಯಾಲಯದ ಸುಧಾರಣೆ ಹಿಂದೆ ಬಿತ್ತು.

ಮುಂದೆ ವಿಶ್ವ ಬ್ಯಾಂಕ್ ಸುಮಾರು 60 ದೇಶಗಳ 60,000 ಬಡವರ ಮಾತನ್ನು ಕೇಳಿಸಿಕೊಂಡು 2000ದಲ್ಲಿ ಪ್ರಕಟಿಸಿತು. ನಿಮ್ಮ ಕಷ್ಟವೇನು ಅಂತ ಕೇಳಿದರೆ ಜನ ಹಸಿವು, ಕಾಯಿಲೆ ಮಾತ್ರ ಹೇಳಲಿಲ್ಲ. ಭಯದ ಬಗ್ಗೆಯೂ ಹೇಳಿದರು. ಕಾಪಾಡಬೇಕಾದ ಪೊಲೀಸರನ್ನೇ ಕಂಡರೆ ಹೆದರಿಕೆ ಅಂದರು. ಠಾಣೆಯ ವಿಷಯ ನಮ್ಮದಲ್ಲ ಎಂದು ಅಭಿವೃದ್ಧಿಯವರು ಕೈತೊಳೆದುಕೊಳ್ಳಲು ಇನ್ನು ಆಗುವಂತಿರಲಿಲ್ಲ. ಅಷ್ಟು ಹೊತ್ತಿಗೆ ಬ್ರಿಟನ್ನಿನ ಅಭಿವೃದ್ಧಿ ಸಚಿವೆ ಕ್ಲೇರ್ ಶಾರ್ಟ್ 1999ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಭಾಷಣ ಮಾಡಿ, ಭದ್ರತಾ ವಲಯದ ಸುಧಾರಣೆಯೂ ಬಡತನ ನಿವಾರಣೆಯ ಕೆಲಸವೇ ಎಂದು ವಾದಿಸಿದ್ದರು. ಎಸ್‌ಎಸ್‌ಆರ್ ಅನ್ನೋ ಮಾತು ಚಾಲ್ತಿಗೆ ಬಂದದ್ದು ಹೀಗೆ.

ಒಬ್ಬರೇ ಇದ್ದಾಗ, ಐವರು ಬಂದಾಗ

ಮೊದಲ ದೊಡ್ಡ ಪ್ರಯೋಗ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್. 1991ರಿಂದ 2002ರವರೆಗೆ ಅಂತರ್ಯುದ್ಧ ಕಂಡ ದೇಶ. ಅಲ್ಲಿ ಮುಂದೆ ನಿಂತದ್ದು ಬ್ರಿಟನ್. 1999ರಲ್ಲಿ ಕೀತ್ ಬಿಡ್ಲ್ ಎಂಬ ಬ್ರಿಟಿಷ್ ಅಧಿಕಾರಿಯೇ ಆ ದೇಶದ ಪೊಲೀಸ್ ಮುಖ್ಯಸ್ಥರಾದರು, 2003ರವರೆಗೆ ಇದ್ದರು. ಹೊರಗಿನವರೊಬ್ಬರು ಇನ್ನೊಂದು ದೇಶದ ಪೊಲೀಸ್ ನಡೆಸುವುದು ಸರಿಯೇ? ನನಗೆ ಇದು ಸಲೀಸಾಗಿ ಒಪ್ಪಿಗೆಯಾಗುವ ವಿಷಯವಲ್ಲ. ಆದರೆ ಕೆಲಸ ನಡೆದದ್ದು ನಿಜ. ಠಾಣೆಗಳಲ್ಲಿ ಮನೆಯೊಳಗಿನ ಹಿಂಸೆ, ಲೈಂಗಿಕ ದೌರ್ಜನ್ಯದ ದೂರುಗಳಿಗೆ ಬೇರೆ ಘಟಕಗಳೇ ಬಂದವು.

ಇನ್ನೂ ಮುಖ್ಯವಾದ ಎರಡು ಸಂಗತಿಗಳು ಹೆಚ್ಚು ಚರ್ಚೆಯಾಗುವುದಿಲ್ಲ. 2001ರಲ್ಲಿ ಬ್ರಿಟನ್ ತನ್ನ ರಕ್ಷಣೆ, ವಿದೇಶಾಂಗ, ಅಭಿವೃದ್ಧಿ ಇಲಾಖೆಗಳು ಸಂಘರ್ಷ ತಡೆಯಲು ಇಟ್ಟ ಹಣವನ್ನು ಜಂಟಿ ಹುಂಡಿಗಳಿಗೆ ಹಾಕಿ, ಮೂವರೂ ಕೂತು ಖರ್ಚು ಮಾಡಬೇಕು ಅಂತ ನಿಯಮ ಮಾಡಿತು. ಅಂದರೆ ಹೊಂದಾಣಿಕೆ ಮೊದಲು ಲಂಡನ್ನಿನಲ್ಲೇ ಶುರುವಾಯಿತು. ಎರಡನೆಯದು, ಸಿಯೆರಾ ಲಿಯೋನ್ ತನ್ನದೇ ರಾಷ್ಟ್ರೀಯ ಭದ್ರತಾ ಕಚೇರಿ ಕಟ್ಟಿಕೊಂಡಿತು. ಪ್ರಾಂತ್ಯ, ಜಿಲ್ಲೆಗಳಲ್ಲಿ ಸಮಿತಿಗಳಾದವು. ಪೊಲೀಸ್, ಸೈನ್ಯ, ಸ್ಥಳೀಯ ಮುಖಂಡರು ಒಂದೇ ಮೇಜಿಗೆ ಬಂದರು. ಮುಂದೆ ದೇಶದ ಬಡತನ ನಿವಾರಣಾ ಯೋಜನೆಯೊಳಗೇ ಭದ್ರತೆಯ ವಿಷಯ ಸೇರಿತು. ನ್ಯಾಯಾಲಯದ ದೊಡ್ಡ ಕಾರ್ಯಕ್ರಮ ಮಾತ್ರ ಶುರುವಾಗಿದ್ದು 2005ರ ಹೊತ್ತಿಗೆ. ಪೊಲೀಸರಿಗಿಂತ ಎಷ್ಟೋ ವರ್ಷ ತಡ.

ಆಫ್ಘಾನಿಸ್ತಾನದ ಕಥೆ ಇದಕ್ಕೆ ಪೂರ್ತಿ ತಿರುಗುಮುರುಗು.

2002ರ ವಸಂತದಲ್ಲಿ ಜಿನೀವಾದಲ್ಲಿ ನೆರವಿನ ದೇಶಗಳು ಸೇರಿದವು. ಕೆಲಸ ಹಂಚಿಕೊಂಡವು. ಸೈನ್ಯ ಅಮೆರಿಕಕ್ಕೆ. ಪೊಲೀಸ್ ಜರ್ಮನಿಗೆ. ನ್ಯಾಯಾಂಗ ಇಟಲಿಗೆ. ಮಾದಕ ವಸ್ತು ತಡೆಯುವುದು ಬ್ರಿಟನ್ನಿಗೆ. ಹೋರಾಟಗಾರರಿಂದ ಆಯುಧ ಬಿಡಿಸುವುದು ಜಪಾನಿಗೆ. ಕಾಗದದ ಮೇಲೆ ಎಷ್ಟು ಅಚ್ಚುಕಟ್ಟು! ಒಬ್ಬೊಬ್ಬರಿಗೆ ಒಂದೊಂದು, ಯಾರೂ ಯಾರ ಕಾಲೂ ತುಳಿಯಬೇಕಿಲ್ಲ.

ತೊಂದರೆ ಅಲ್ಲೇ ಇತ್ತು. ಅಫೀಮು ಸಾಗಿಸುವವನನ್ನು ಹಿಡಿಯುವುದು ಪೊಲೀಸ್, ಶಿಕ್ಷೆ ಕೊಡುವುದು ನ್ಯಾಯಾಲಯ, ಅವನ ಬೆನ್ನಿಗಿರುವುದು ಆಯುಧ ಹಿಡಿದ ಪಾಳೆಯಗಾರ. ಒಂದೇ ಪ್ರಕರಣ ನಾಲ್ಕು ದೇಶಗಳ ಪಾಲಿನಲ್ಲಿ ಹರಿದು ಹಂಚಿಹೋಯಿತು. ಜರ್ಮನಿ ಕಾಬೂಲಿನ ಅಕಾಡೆಮಿಯಲ್ಲಿ ಅಧಿಕಾರಿಗಳಿಗೆ 3 ವರ್ಷದ ಓದು ಶುರು ಮಾಡಿತು. ಒಳ್ಳೆಯ ಕೆಲಸವೇ. ಆದರೆ ಬೀದಿಯಲ್ಲಿ ನಿಲ್ಲುವ ಸಾಮಾನ್ಯ ಪೊಲೀಸರಿಗೆ ಕಾಯಲು ಸಮಯವಿರಲಿಲ್ಲ. 2003ರಲ್ಲಿ ಅಮೆರಿಕ ತಾನೇ ಇಳಿದು, ಗುತ್ತಿಗೆ ಕಂಪನಿಯ ಮೂಲಕ 8 ವಾರದ ತರಬೇತಿ ಶುರು ಮಾಡಿತು. 2005ರಲ್ಲಿ ಆ ಕೆಲಸ ಅಮೆರಿಕದ ರಕ್ಷಣಾ ಇಲಾಖೆಯ ಕೈಗೆ ಹೋಯಿತು. ಜರ್ಮನಿಗೆ ಪೊಲೀಸ್ ಅಂದರೆ ಕಾನೂನು ಕಾಯುವವನು. ಅಮೆರಿಕದ ಸೈನ್ಯಕ್ಕೆ ತಾಲಿಬಾನ್ ವಿರುದ್ಧ ನಿಲ್ಲುವ ಇನ್ನೊಂದು ಕೈ. ಎತ್ತು ಏರಿಗೆ, ಕೋಣ ನೀರಿಗೆ.

ಇಟಲಿಯವರು ಮುಂದೆ ನಿಂತು ಬರೆದ ತಾತ್ಕಾಲಿಕ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ 2004ರಲ್ಲಿ ಜಾರಿಯಾಯಿತು. ಆಫ್ಘನ್ ಕಾನೂನು ತಜ್ಞರ ಪಾಲು ಅದರಲ್ಲಿ ತೀರಾ ಕಡಿಮೆ ಎಂಬ ದೂರು ಬಂತು. 2006ರಲ್ಲಿ ಈ ಹಂಚಿಕೆಯನ್ನೇ ಕೈಬಿಟ್ಟರು. ಆಮೇಲೆ ಐರೋಪ್ಯ ಒಕ್ಕೂಟದ ಪೊಲೀಸ್ ಮಿಷನ್ 2007ರಲ್ಲಿ ಬಂತು, ನ್ಯಾಟೋದ ತರಬೇತಿ ಮಿಷನ್ 2009ರಲ್ಲಿ ಬಂತು. ಹೊಂದಾಣಿಕೆಗೆಂದೇ ಮಂಡಳಿಯೂ ಆಯಿತು. ಆ ಮಂಡಳಿಗೆ ಹಣದ ಮೇಲೆ ಹಿಡಿತವಿರಲಿಲ್ಲ. ಹಣ ಜಾಸ್ತಿ ಇದ್ದವರ ಮಾತೇ ನಡೆಯಿತು.

ಈ ಕ್ಷೇತ್ರದವರು ಒಂದು ಮಾತು ಹೇಳುತ್ತಾರೆ: ಎಲ್ಲರಿಗೂ ಬೇರೆಯವರನ್ನು ಹೊಂದಿಸುವ ಆಸೆ, ತಾವು ಹೊಂದಿಕೊಳ್ಳಲು ಯಾರೂ ತಯಾರಿಲ್ಲ. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದದ್ದಕ್ಕೆ ಇದೊಂದೇ ಕಾರಣ ಅಂದರೆ ತಪ್ಪಾದೀತು. ಆದರೆ 20 ವರ್ಷ ಕಟ್ಟಿದ ಪಡೆಗಳು ಕೆಲವೇ ವಾರಗಳಲ್ಲಿ ಕರಗಿದ್ದನ್ನು ನೋಡಿದವರಿಗೆ ಆ ಜಿನೀವಾ ಪಟ್ಟಿ ನೆನಪಾಗದೆ ಇರದು.

ನಿಯಮಗಳು ಬಂದವು

2005ರ ಮಾರ್ಚ್‌ನಲ್ಲಿ ನೆರವು ಹೇಗಿರಬೇಕು ಎಂಬ ಬಗ್ಗೆ ಪ್ಯಾರಿಸ್ ಘೋಷಣೆ ಬಂತು. ನೆರವು ಪಡೆಯುವ ದೇಶವೇ ದಾರಿ ತೋರಿಸಬೇಕು, ಕೊಡುವವರು ಆ ದಾರಿಗೆ ಹೊಂದಿಕೊಳ್ಳಬೇಕು, ಒಬ್ಬರು ಮಾಡಿದ್ದನ್ನೇ ಇನ್ನೊಬ್ಬರು ಮಾಡಬಾರದು. ಶ್ರೀಮಂತ ದೇಶಗಳ ಒಇಸಿಡಿ ಸಂಘಟನೆ 2007ರಲ್ಲಿ ಎಸ್‌ಎಸ್‌ಆರ್‌ಗೇ ಕೈಪಿಡಿ ತಂದಿತು. ವಿಶ್ವಸಂಸ್ಥೆಯಲ್ಲಿ ಶಾಂತಿಪಾಲನೆ ಒಂದು ವಿಭಾಗ, ಅಭಿವೃದ್ಧಿ ಇನ್ನೊಂದು. ಇಬ್ಬರೂ ಒಂದೇ ಠಾಣೆಗೆ ಬೇರೆ ಬೇರೆ ಯೋಜನೆ ತರುತ್ತಿದ್ದರು. 2012ರಲ್ಲಿ ಪೊಲೀಸ್, ನ್ಯಾಯ, ಜೈಲು ಮೂರಕ್ಕೂ ಇಬ್ಬರೂ ಸೇರಿ ಕೆಲಸ ಮಾಡುವ ವ್ಯವಸ್ಥೆ ಮಾಡಿಕೊಂಡರು. 2014ರ ಏಪ್ರಿಲ್ 28ರಂದು ಭದ್ರತಾ ಮಂಡಳಿ ಈ ವಿಷಯಕ್ಕೇ ಮೀಸಲಾದ ಮೊದಲ ನಿರ್ಣಯ ಪಾಸು ಮಾಡಿತು, ಸಂಖ್ಯೆ 2151. ಆಗ ಅಧ್ಯಕ್ಷ ಸ್ಥಾನದಲ್ಲಿದ್ದದ್ದು ನೈಜೀರಿಯಾ.

ಈ ಕಾಗದಗಳಿಗಿಂತ ನನಗೆ ಜಾಸ್ತಿ ಕಲಿಸಿದ್ದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಸಂಬಳದ ವಿಷಯ. ಅಲ್ಲಿ ಸೈನಿಕರ ಸಂಬಳದ ದುಡ್ಡು ದಂಡನಾಯಕರ ಕೈ ದಾಟಿ ಬರುತ್ತಿತ್ತು. ಬರುವಷ್ಟರಲ್ಲಿ ಕರಗುತ್ತಿತ್ತು. ಇಲ್ಲವೇ ಇಲ್ಲದ ಸೈನಿಕರ ಹೆಸರುಗಳೂ ಪಟ್ಟಿಯಲ್ಲಿ ಇರುತ್ತಿದ್ದವು. ಸಂಬಳ ಸಿಗದ ಸೈನಿಕ ಹಳ್ಳಿಯವರನ್ನೇ ದೋಚುತ್ತಿದ್ದ. 2005ರಲ್ಲಿ ಬಂದ ಐರೋಪ್ಯ ಒಕ್ಕೂಟದ ಸಣ್ಣ ಮಿಷನ್ ಒಂದು ಸರಳ ಕೆಲಸ ಹಿಡಿಯಿತು. ಆದೇಶ ಕೊಡುವ ದಾರಿ ಬೇರೆ, ಸಂಬಳ ಬರುವ ದಾರಿ ಬೇರೆ ಮಾಡಿತು. ಬೆರಳಚ್ಚು ತೆಗೆದು ಸೈನಿಕರನ್ನು ಎಣಿಸಿತು. ಯಾವ ತರಬೇತಿ ಶಿಬಿರಕ್ಕಿಂತಲೂ ಇದು ಹಳ್ಳಿಯವರಿಗೆ ಹತ್ತಿರದ ಸುಧಾರಣೆ.

ಆದರೆ ಅದೇ ಕಾಂಗೋದಲ್ಲಿ ಅಮೆರಿಕ, ಬೆಲ್ಜಿಯಂ, ಅಂಗೋಲಾ, ಚೀನಾ, ದಕ್ಷಿಣ ಆಫ್ರಿಕಾ ಒಂದೊಂದು ದಳಕ್ಕೆ ಬೇರೆ ಬೇರೆ ತರಬೇತಿ ಕೊಡುತ್ತಿದ್ದವು. ಎಲ್ಲವನ್ನೂ ಒಂದು ಪಟ್ಟಿಗೆ ತರುವುದು ಸರ್ಕಾರಕ್ಕೂ ಬೇಕಿರಲಿಲ್ಲ. ಒಬ್ಬೊಬ್ಬರ ಹತ್ತಿರ ಬೇರೆಯಾಗಿ ಮಾತಾಡಿದರೆ ಹೆಚ್ಚು ಸಿಗುತ್ತದಲ್ಲ. 2012ರ ನವೆಂಬರ್‌ನಲ್ಲಿ ಮಿನೋವಾ ಪಟ್ಟಣದಲ್ಲಿ ಸರ್ಕಾರಿ ಸೈನಿಕರು ನೂರಕ್ಕೂ ಹೆಚ್ಚು ಮಹಿಳೆಯರು, ಹುಡುಗಿಯರ ಮೇಲೆ ಅತ್ಯಾಚಾರ ಮಾಡಿದರು. ಆರೋಪ ಹೊತ್ತ ದಳಗಳಲ್ಲಿ ಅಮೆರಿಕ ತರಬೇತಿ ಕೊಟ್ಟ ದಳವೂ ಇತ್ತು. 2014ರಲ್ಲಿ ತೀರ್ಪು ಬಂತು. 39 ಆರೋಪಿಗಳಲ್ಲಿ ಅತ್ಯಾಚಾರಕ್ಕೆ ಶಿಕ್ಷೆಯಾದವರು ಬೆರಳೆಣಿಕೆಯಷ್ಟು. ಸಾಕ್ಷ್ಯ ಸಂಗ್ರಹಿಸುವ, ಸಂತ್ರಸ್ತೆಯರನ್ನು ಕಾಪಾಡುವ, ದಳದ ಮೇಲಧಿಕಾರಿಯನ್ನು ಕಟಕಟೆಗೆ ತರುವ ಕೊಂಡಿಗಳು ಅಲ್ಲಿ ಗಟ್ಟಿಯಾಗಿರಲಿಲ್ಲ.

ಲೈಬೀರಿಯಾದಲ್ಲಿ ಕೊಂಡಿಗಳನ್ನು ಒಂದೇ ಕಡೆ ತರುವ ಪ್ರಯತ್ನ ನಡೆಯಿತು. ವಿಶ್ವಸಂಸ್ಥೆಯ ಶಾಂತಿ ನಿಧಿಯ ನೆರವಿನಿಂದ 2013ರಲ್ಲಿ ಬಾಂಗಾ ಎಂಬ ಊರಿನಲ್ಲಿ ಪ್ರಾದೇಶಿಕ ಕೇಂದ್ರ ತೆರೆದರು. ಪೊಲೀಸ್ ತುಕಡಿ, ವಲಸೆ ಅಧಿಕಾರಿಗಳು, ಸರ್ಕಾರಿ ವಕೀಲರು, ಬಡವರ ಪರ ವಕೀಲರು ಎಲ್ಲರೂ ಅಲ್ಲಿಂದಲೇ ಸುತ್ತಲಿನ ಜಿಲ್ಲೆಗಳಿಗೆ ಹೋಗಬೇಕು ಅನ್ನೋ ಯೋಚನೆ. ಇಂಥ 5 ಕೇಂದ್ರಗಳ ಯೋಜನೆಯಿತ್ತು. ಕಟ್ಟಡಕ್ಕೇ ಹಣ, ಸಮಯ ಹೋಗುತ್ತದೆ ಅಂತ ಅರಿವಾದ ಮೇಲೆ ಮುಂದಿನ ಕಡೆಗಳಲ್ಲಿ ಮೊದಲು ಜನರನ್ನು ಕಳಿಸುವ ದಾರಿ ಹಿಡಿದರು.

ಇನ್ನು ಟಿಮೋರ್-ಲೆಸ್ಟೆ. 2006ರ ಆಗಸ್ಟ್‌ನಲ್ಲಿ ಹೊಸ ವಿಶ್ವಸಂಸ್ಥೆ ಮಿಷನ್ ಬಂತು. ಇಡೀ ಭದ್ರತಾ ವಲಯವನ್ನು ಒಟ್ಟಿಗೆ ಪರಿಶೀಲಿಸಲು ಸರ್ಕಾರಕ್ಕೆ ನೆರವಾಗಬೇಕು ಅಂತ ಈ ಸಲ ಅದರ ಕೆಲಸದಲ್ಲೇ ಬರೆದಿತ್ತು. 2009ರ ಮೇನಲ್ಲಿ ಲೌಟೆಮ್ ಜಿಲ್ಲೆಯಿಂದ ಶುರುವಾಗಿ, ಒಂದೊಂದೇ ಜಿಲ್ಲೆಯ ಜವಾಬ್ದಾರಿ ಅಲ್ಲಿನ ಪೊಲೀಸರಿಗೆ ಮರಳಿತು. 2010ರಲ್ಲಿ ಆ ದೇಶದ ಸಂಸತ್ತು ರಾಷ್ಟ್ರೀಯ ಭದ್ರತೆ, ರಕ್ಷಣೆ, ಆಂತರಿಕ ಭದ್ರತೆಗೆ ಮೂರು ಕಾನೂನುಗಳನ್ನು ಪಾಸು ಮಾಡಿತು. ಪೊಲೀಸರ ಕೆಲಸ ಯಾವುದು, ಸೈನ್ಯದ ಕೆಲಸ ಯಾವುದು, ಇಬ್ಬರೂ ಒಟ್ಟಿಗೆ ಇಳಿಯಬೇಕಾದರೆ ಹೇಗೆ ಎಂಬುದು ಕಾನೂನಿನ ಪುಸ್ತಕಕ್ಕೆ ಬಂತು. ಡಿಲಿಯ ಬೀದಿಯಲ್ಲಿ ಆ 8 ಮಂದಿ ಸತ್ತು ಆಗ 4 ವರ್ಷ ಆಗಿತ್ತು.