ಮುಟ್ಟುವೇದನೆ ಅಂದರೆ ಯಾವ ನೋವು? ಕಾಸರಗೋಡಿನ ಓಪಿಗೆ (ಹೊರರೋಗಿ ವಿಭಾಗಕ್ಕೆ) ಹೊರಡುವ ಜೂನಿಯರ್‌ಗಳಿಗೆ ಟಿಪ್ಪಣಿ

ಪೆರ್ಲದ ಕಡೆಯ ಅಜ್ಜಿ, ಅರವತ್ತೈದು ದಾಟಿರಬೇಕು. ಕೇಸ್ ಬರೆಯುತ್ತಿದ್ದವಳು ತಿರುವನಂತಪುರದ ನನ್ನ ಸಹಪಾಠಿ. ‘ಮುಟ್ಟುವೇದನ ಉಂಡೋ ಅಮ್ಮೇ?’ ಎಂದು ಕೇಳಿದಳು. ಅಜ್ಜಿ ಸೆರಗು ಎಳೆದುಕೊಂಡು ಆಚೀಚೆ ನೋಡಿ, ‘ಇಶ್ಶಿ! ಅದೆಲ್ಲ ನಿಂತು ಹದಿನೈದು ವರ್ಷ ಆಯ್ತು’ ಎಂದರು. ಇವಳು ಮೊಣಕಾಲು ನೋವು ಇಲ್ಲ ಎಂದು ಬರೆದುಕೊಂಡಳು. ಪಕ್ಕದಲ್ಲಿದ್ದ ನನಗೂ ಹೊಳೆಯಲಿಲ್ಲ. ಏಳುವಾಗ ಅಜ್ಜಿ ಎರಡೂ ಕೈಯಲ್ಲಿ ಮೇಜು ಹಿಡಿದು ನರಳಿದ್ದರಿಂದ ಬಚಾವ್.

ಮಲಯಾಳದಲ್ಲಿ ‘ಮುಟ್ಟು’ ಎಂದರೆ ಮೊಣಕಾಲು. ‘ಶ್ವಾಸಂ ಮುಟ್ಟಲ್’ ಎಂದರೆ ಉಸಿರು ಕಟ್ಟುವುದು. ಕನ್ನಡದ ಹೆಂಗಸಿಗೆ ಮುಟ್ಟು ಎಂದರೆ ಒಂದೇ ಅರ್ಥ, ಅದನ್ನು ನಾಲ್ಕು ಜನರ ಎದುರು ಕೇಳುವುದೂ ಇಲ್ಲ. ತುಳುವಿನಲ್ಲಿ ‘ಬಂಜಿ’ ಹೊಟ್ಟೆ, ‘ಬಂಜಿನಾಳ್’ ಬಸುರಿ. ಘಟ್ಟದ ಮೇಲಿನಿಂದ ಬಂದವರ ಕಿವಿಗೆ ಅದು ‘ಬಂಜೆ’ ಎಂದು ಕೇಳಿಸಿದರೆ ಕತೆ ಪೂರ್ತಿ ತಲೆಕೆಳಗು. ಮಲಯಾಳದ ‘ಕ್ಷೀಣಂ’ ಬರೀ ಸುಸ್ತು. ರೋಗಿ ಸವೆದು ಹೋಗುತ್ತಿದ್ದಾನೆ ಎಂದು ಗಾಬರಿ ಬೇಡ.

ಪಠ್ಯದಲ್ಲಿ ‘ಭಾಷೆಯ ಅಡ್ಡಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಪೂರ್ತಿ ಗೊತ್ತಿಲ್ಲದ ಭಾಷೆಯಲ್ಲಿ ಅಪಾಯ ಕಡಿಮೆ, ಯಾರನ್ನಾದರೂ ಕರೆದು ಕೇಳುತ್ತೇವೆ. ಗೊತ್ತಿದೆ ಅನ್ನಿಸುವ ಮಾತಿನಲ್ಲೇ ಎಡವುವುದು. ಅಮೆರಿಕದ ಫ್ಲೋರಿಡಾದಲ್ಲಿ 1980ರಲ್ಲಿ ಆದದ್ದು ಇದೇ. 18 ವರ್ಷದ ಹುಡುಗ ಪ್ರಜ್ಞೆ ತಪ್ಪಿದ್ದ. ಕ್ಯೂಬಾ ಮೂಲದ ಮನೆಯವರು ‘ಇಂತೋಕ್ಸಿಕಾದೊ’ ಎಂದರು. ತಿಂದದ್ದೋ ಕುಡಿದದ್ದೋ ಮೈಗೆ ಆಗಿಬಂದಿಲ್ಲ ಎಂಬುದು ಅವರ ಅರ್ಥ. ವೈದ್ಯರ ಕಿವಿಗೆ ಅದು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಆಯಿತು, ಮಾದಕದ್ರವ್ಯ ಹೆಚ್ಚಾಯಿತೆಂದು ಚಿಕಿತ್ಸೆ ನಡೆಯಿತು. ಇದ್ದದ್ದು ಮೆದುಳಿನಲ್ಲಿ ರಕ್ತಸ್ರಾವ. ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ದುಭಾಷಿಯನ್ನು ಕರೆಯಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಇನ್ನು ಸಿದ್ಧಾಂತ. ಪರೀಕ್ಷೆಗೆ ಎರಡು ವಿಚಾರ ಸಾಕು. ಮನೋವೈದ್ಯ ಮತ್ತು ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಹೇಳಿದ್ದು: ರೋಗದ ಬಗ್ಗೆ ವೈದ್ಯರಿಗೊಂದು ವಿವರಣೆ ಇರುವಂತೆ ರೋಗಿಗೂ ತನ್ನದೇ ವಿವರಣೆ ಇರುತ್ತದೆ, ಅದನ್ನು ಕೇಳಿ ತಿಳಿಯಬೇಕು. 1998ರಲ್ಲಿ ಅಮೆರಿಕದ ವೈದ್ಯೆಯರಾದ ಟೆರ್ವಲಾನ್ ಮತ್ತು ಮರ್ರೇ-ಗಾರ್ಸಿಯಾ ‘ಸಾಂಸ್ಕೃತಿಕ ವಿನಯ’ ಎಂದರು. ಮುಸ್ಲಿಮರು ಹೀಗೆ, ಕೊರಗರು ಹಾಗೆ ಎಂದು ಪಟ್ಟಿ ಉರು ಹೊಡೆದರೆ ಆಗಲಿಲ್ಲ. ಎದುರು ಕೂತವರಿಂದ ಕಲಿಯುತ್ತಾ ಹೋಗಬೇಕು. ನಮ್ಮ ಎಂಬಿಬಿಎಸ್‌ಗೆ 2019ರಲ್ಲಿ ಬಂದ ಎಟ್‌ಕಾಮ್‌ (ಮನೋಭಾವ, ನೈತಿಕತೆ, ಸಂವಹನ) ಪಾಠಕ್ರಮದಲ್ಲೂ ಸಂವಹನ ಪಾಠವೇ, ನಾವೇ ಅದನ್ನು ಅಟೆಂಡೆನ್ಸ್ ಕ್ಲಾಸ್ ಮಾಡಿಕೊಂಡಿದ್ದೇವೆ.

ಕ್ಲೈನ್‌ಮನ್‌ರ ಪ್ರಶ್ನೆಯನ್ನು ನೇರ ಕನ್ನಡಿಸಿ ‘ಈ ಕಾಯಿಲೆಗೆ ಕಾರಣ ಏನೆಂದು ನಿಮಗೆ ಅನಿಸುತ್ತದೆ?’ ಎಂದು ಕೇಳಿ ನೋಡಿ. ‘ಅದು ನಂಗೆ ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಡಾಕ್ಟ್ರೇ?’ ಎಂಬ ಉತ್ತರ ಗ್ಯಾರಂಟಿ. ನಾನು ತಿಂದಿದ್ದೇನೆ. ‘ಮನೆಯಲ್ಲಿ ಹಿರಿಯರೆಲ್ಲ ಏನು ಹೇಳ್ತಾರೆ ಇದಕ್ಕೆ?’ ಎಂದು ಕೇಳಿದರೆ ಮಾತು ಬಿಚ್ಚುತ್ತದೆ. ಉಷ್ಣ, ದೃಷ್ಟಿ, ನಾಗದೋಷ, ಎಲ್ಲ ಹೊರಬರುತ್ತದೆ, ಅತ್ತೆಯ ತಲೆಮೇಲೆ ಹಾಕಿ.

ಇದರಿಂದ ಲಾಭ ಇದೆ. ಸರ್ಪಸುತ್ತನ್ನೇ ನೋಡಿ. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂದು ಊರಿನಲ್ಲಿ ನಂಬಿಕೆ, ಮೊದಲು ನಾಟಿ ಮದ್ದು, ಆಮೇಲೆ ನಾವು. ವೈರಸ್ ವಿರುದ್ಧದ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, ಹಾಗಾಗಿ ನಮಗೆ ಬೇಕಾದದ್ದು ದಿನದ ಲೆಕ್ಕ. ‘ಇಷ್ಟು ದಿನ ಎಲ್ಲಿದ್ದಿರಿ?’ ಎಂದು ಗದರಿದರೆ ‘ನಿನ್ನೆ ಎದ್ದದ್ದು’ ಎಂಬ ಸುಳ್ಳು ಸಿಗುತ್ತದೆ. ‘ಏನು ಹಚ್ಚಿದಿರಿ, ಎಷ್ಟು ಸಲ?’ ಎಂದರೆ ಲೆಕ್ಕ ತಾನಾಗಿ ಬರುತ್ತದೆ.

ಪಥ್ಯದ ಪ್ರಶ್ನೆಯೂ ಹಾಗೇ. ‘ಪಥ್ಯ ಏನೂ ಇಲ್ಲ, ಎಲ್ಲ ತಿನ್ನಿ’ ಎನ್ನುವ ಡಾಕ್ಟ್ರು ಮನಸ್ಸಿಟ್ಟು ನೋಡಲಿಲ್ಲ ಎಂದೇ ಲೆಕ್ಕ. ಗಂಜಿ, ಉಪ್ಪಿನಕಾಯಿ, ಒಣಮೀನು ಎಂದು ಹೆಸರು ಹಿಡಿದು ಮಾತಾಡಿ. ಬಿಪಿ ಇದ್ದವರ ಉಪ್ಪಿನ ಪಾಠ ಅಲ್ಲೇ ಮುಗಿಯುತ್ತದೆ. ರಂಜಾನಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದರೆ ಸಾಲದು. ಉಪವಾಸ ಹಿಡಿಯುತ್ತೀರಾ ಎಂದು ಮೊದಲು ಕೇಳಿ, ಆಮೇಲೆ ಸಹರಿ (ನಸುಕಿನ ಊಟ), ಇಫ್ತಾರಿನ (ಸಂಜೆ ಉಪವಾಸ ಬಿಡುವ) ಹೊತ್ತಿಗೆ ಮದ್ದು ಹೊಂದಿಸುವ ಬಗ್ಗೆ ಸೀನಿಯರ್ ಹತ್ತಿರ ಮಾತಾಡಿ.

ಸಂಬೋಧನೆ: ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ಅರ್ಧಂಬರ್ಧ ಕಲಿತವರು ಎಪ್ಪತ್ತರ ಅಜ್ಜನಿಗೆ ‘ಈ ಬಲ’ ಎನ್ನುವುದನ್ನು ಕೇಳಿದ್ದೇನೆ. ‘ಈರ್ ಬಲೆ’ ಎನ್ನಿ.

ದುಭಾಷಿಯಾಗಿ ಮಗನನ್ನೋ ಮೊಮ್ಮಗಳನ್ನೋ ಕೂರಿಸಿದರೆ ಬಿಳಿಸೆರಗು, ಗರ್ಭಪಾತದಂಥ ಮಾತು ಬರುವುದೇ ಇಲ್ಲ. ಆಶಾ ಕಾರ್ಯಕರ್ತೆ ಉತ್ತಮ. ಆದರೆ ಅವರು ಅದೇ ಊರಿನವರು, ರೋಗಿಗೆ ಒಪ್ಪಿಗೆಯೇ ಎಂದು ಮೊದಲೇ ಕೇಳಿಕೊಳ್ಳಿ. ಯಾರೇ ಕೂತರೂ ನಿಮ್ಮ ಕಣ್ಣು ರೋಗಿಯ ಮೇಲಿರಲಿ, ಪಕ್ಕದವರ ಮೇಲಲ್ಲ.

ಕೊನೆಗೆ ಅಭ್ಯಾಸ. ಮೂವರು ಕೂತುಕೊಳ್ಳಿ. ಒಬ್ಬರು ರೋಗಿ, ಮನೆಮಾತಿನಲ್ಲೇ ಮಾತಾಡಲಿ. ಒಬ್ಬರು ಡಾಕ್ಟ್ರು, ಆದರೆ ‘ಅರ್ಥ ಆಯ್ತಾ?’ ಎಂದು ಕೇಳುವಂತಿಲ್ಲ, ಅದಕ್ಕೆ ‘ಹೂಂ’ ಬಿಟ್ಟು ಬೇರೆ ಉತ್ತರ ಇಲ್ಲ. ‘ಮನೆಗೆ ಹೋದ ಮೇಲೆ ಮಗಳು ಕೇಳಿದರೆ ಮಾತ್ರೆ ಹೇಗೆ ಅಂತ ಹೇಳ್ತೀರಿ?’ ಎಂದು ಕೇಳಬೇಕು. ಮೂರನೆಯವರ ಕೆಲಸ ‘ಹೂಂ’ ಎಣಿಸುವುದು. ಮೊದಲ ದಿನ ನನ್ನ ಲೆಕ್ಕ ಐದು ನಿಮಿಷಕ್ಕೆ ಹದಿನಾಲ್ಕು.