ಜಕ್ಕೂರಿನ ಲೈಸೆನ್ಸ್ ಇಟ್ಟುಕೊಂಡು ಅಮೆರಿಕದಲ್ಲಿ ವಿಮಾನ ಹಾರಿಸಬಹುದೆ?

ಪ್ರಶ್ನೆ: ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿತು ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಡುವ ಪಿಪಿಎಲ್, ಅಂದರೆ ಖಾಸಗಿ ಪೈಲಟ್ ಲೈಸೆನ್ಸ್, ಪಡೆದಿದ್ದೇನೆ. ಬೇಸಿಗೆಗೆ ಕ್ಯಾಲಿಫೋರ್ನಿಯಾದ ಅಕ್ಕನ ಮನೆಗೆ ಹೊರಟಿದ್ದೇನೆ. ಅಲ್ಲಿ ಸೆಸ್ನಾ 172 ಬಾಡಿಗೆಗೆ ಪಡೆದು ಅಕ್ಕ, ಭಾವನನ್ನು ಒಂದು ಸುತ್ತು ಕರೆದೊಯ್ಯಬಹುದೆ? ನನ್ನದು ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಲೈಸೆನ್ಸ್, ಎಲ್ಲ ದೇಶದಲ್ಲೂ ನಡೆಯುತ್ತದೆ ಎನ್ನುತ್ತಾರೆ.

ಉತ್ತರ: ಕರೆದೊಯ್ಯಬಹುದು. ಆದರೆ ನಿಮ್ಮ ಕೊನೆಯ ವಾಕ್ಯ ತಪ್ಪು. ಈ ಪ್ರಶ್ನೆ ಕೇಳುವವರೆಲ್ಲ ಆ ಮಾತನ್ನೂ ಜೊತೆಗೆ ಸೇರಿಸುತ್ತಾರೆ. ಎಷ್ಟು ಸಲ ಹೇಳಿದರೂ ಅದು ಹೋಗುತ್ತಿಲ್ಲ, ಹಾಗಾಗಿ ಇವತ್ತು ಬುಡಸಮೇತ ಕೀಳೋಣ.

ಐಸಿಎಒ ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ. ಮಾಂಟ್ರಿಯಲ್‌ನಲ್ಲಿರುವ ಆ ಸಂಸ್ಥೆ ಪೈಲಟ್‌ಗೆ ಕನಿಷ್ಠ ಏನೇನು ಗೊತ್ತಿರಬೇಕು ಎಂಬ ಮಾನದಂಡ ಬರೆದಿಡುತ್ತದೆ, ಅಷ್ಟೆ. ಲೈಸೆನ್ಸ್ ಕೊಡುವುದು ಆಯಾ ದೇಶದ ಸರ್ಕಾರ. 1944ರ ಶಿಕಾಗೊ ಒಪ್ಪಂದದ 33ನೇ ವಿಧಿ ಒಂದು ದೇಶದ ಲೈಸೆನ್ಸನ್ನು ಉಳಿದವು ಒಪ್ಪಬೇಕು ಎನ್ನುತ್ತದೆ. ಎಲ್ಲರೂ ಇದನ್ನು ಹಿಡಿದುಕೊಳ್ಳುತ್ತಾರೆ, ಅದಕ್ಕೆ ಮುಂಚಿನ 32ನೇ ವಿಧಿ ಓದುವುದೇ ಇಲ್ಲ. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸ್ ಪೈಲಟ್ ಬಳಿ ಇರಬೇಕು ಎಂದು ಅಲ್ಲಿದೆ. ಎರಡನ್ನೂ ಸೇರಿಸಿ ಓದಿ. ವಿಟಿ ಎಂದು ಬರೆದ, ಅಂದರೆ ಭಾರತದಲ್ಲಿ ನೋಂದಣಿಯಾದ ವಿಮಾನವನ್ನು ನೀವು ಕೊಲಂಬೊಗೆ ಹಾರಿಸಿಕೊಂಡು ಹೋದರೆ ನಿಮ್ಮ ಭಾರತೀಯ ಲೈಸೆನ್ಸನ್ನು ಅಲ್ಲಿಯವರು ಒಪ್ಪಬೇಕು. ಎನ್ ಎಂದು ಬರೆದ ಅಮೆರಿಕದ ಸೆಸ್ನಾ ಹತ್ತಲು ಅದೇ ಲೈಸೆನ್ಸ್ ಸಾಲದು.

ಇನ್ನೂ ನಂಬಿಕೆ ಬರದಿದ್ದರೆ ಬ್ರಿಟನ್ ನೋಡಿ. ಬ್ರಿಟಿಷ್ ಪೈಲಟ್‌ಗಳು ಯುರೋಪಿನ ಸಮಾನ ಲೈಸೆನ್ಸ್ ಮೇಲೆ ಫ್ರಾನ್ಸಿನ ವಿಮಾನವನ್ನೂ ಹಾರಿಸುತ್ತಿದ್ದರು. 2021ರ ಜನವರಿ 1ರಿಂದ ಆ ಹಕ್ಕು ಹೋಯಿತು. ಬ್ರಿಟನ್ ಐಸಿಎಒ ಬಿಟ್ಟಿರಲಿಲ್ಲ, ಪೈಲಟ್‌ಗಳ ಕೌಶಲ ರಾತ್ರೋರಾತ್ರಿ ಕುಗ್ಗಿರಲಿಲ್ಲ. ಆವರೆಗೆ ಅವರನ್ನು ಕಾಯ್ದಿದ್ದು ಐಸಿಎಒ ಅಲ್ಲ, ಯುರೋಪಿನ ಕಾನೂನು.

ಈಗ ನಿಮ್ಮ ಕೆಲಸ. ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮ 61.75ರಡಿ ವಿದೇಶಿ ಲೈಸೆನ್ಸಿನ ಆಧಾರದ ಮೇಲೆ ಅಮೆರಿಕದ ಖಾಸಗಿ ಪೈಲಟ್ ಸರ್ಟಿಫಿಕೇಟ್ ಸಿಗುತ್ತದೆ, ಪರೀಕ್ಷೆ ಇಲ್ಲ. ಮೊದಲು ಒಕ್ಲಹೋಮಾ ಸಿಟಿಯ ಎಫ್‌ಎಎ ಕಚೇರಿಗೆ ಅರ್ಜಿ ಹಾಕಿ. ನಿಮ್ಮ ಲೈಸೆನ್ಸ್ ಅಸಲಿಯೇ ಎಂದು ಅವರು ಡಿಜಿಸಿಎಯನ್ನು ಕೇಳಿ ಖಚಿತಪಡಿಸಿಕೊಂಡು ಪತ್ರ ಕೊಡುತ್ತಾರೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಟಿಕೆಟ್ ಬುಕ್ ಮಾಡುವ ಮೊದಲೇ ಶುರು ಮಾಡಿ. ಪತ್ರದ ಆಯಸ್ಸು 6 ತಿಂಗಳು. ಅದನ್ನೂ ಲೈಸೆನ್ಸ್, ಮೆಡಿಕಲ್, ಪಾಸ್‌ಪೋರ್ಟನ್ನೂ ಹಿಡಿದು ಅಲ್ಲಿಯ ಎಫ್‌ಎಎ ಸ್ಥಳೀಯ ಕಚೇರಿಗೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಿ. ಆಮೇಲೆ ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ: ಕನಿಷ್ಠ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ. ಭಾರತದ ಲೈಸೆನ್ಸ್ ಚಾಲ್ತಿಯಲ್ಲಿರುವವರೆಗೆ ಮಾತ್ರ ಈ ಸರ್ಟಿಫಿಕೇಟಿಗೆ ಬೆಲೆ, ಎರಡನ್ನೂ ಜೇಬಿನಲ್ಲಿಟ್ಟುಕೊಂಡೇ ಹಾರಿ. ಭಾವನ ಹತ್ತಿರ ಬಾಡಿಗೆಯಲ್ಲಿ ಅವರ ಪಾಲು ತೆಗೆದುಕೊಳ್ಳಬಹುದು, ಸಂಭಾವನೆ ತೆಗೆದುಕೊಳ್ಳುವಂತಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಇದು ಜೀವದ ಪ್ರಶ್ನೆ: ಒಂದು ದೇಶದ ರೂಢಿಯನ್ನು ಇನ್ನೊಂದು ದೇಶಕ್ಕೆ ಒಯ್ದರೆ ಆಗುವ ಅಪಾಯ. ಅಮೆರಿಕದಲ್ಲಿ ಎತ್ತರ ತೋರಿಸುವ ಆಲ್ಟಿಮೀಟರಿಗೆ ಹಾಕುವ ಗಾಳಿಯ ಒತ್ತಡವನ್ನು ಪಾದರಸದ ಇಂಚುಗಳಲ್ಲಿ ಹೇಳುತ್ತಾರೆ, ನಮ್ಮಲ್ಲೂ ಯುರೋಪಿನಲ್ಲೂ ಹೆಕ್ಟೊಪಾಸ್ಕಲ್‌ನಲ್ಲಿ. ಅಮೆರಿಕದಲ್ಲಿ ಕಲಿತವರು 29.92 ಅನ್ನು ಬಾಯಿಮಾತಿನಲ್ಲಿ 'ನೈನ್ ನೈನ್ ಟು' ಎಂದು ಮೊಟಕುಗೊಳಿಸುವುದುಂಟು. ಅಂಥವರು ಇಂಗ್ಲೆಂಡಿನ ಚಳಿಗಾಲದಲ್ಲಿ 'ಕ್ಯುಎನ್‌ಎಚ್ ನೈನ್ ನೈನ್ ಟು' (ಅಂದರೆ ಆಲ್ಟಿಮೀಟರಿಗೆ ಹಾಕಬೇಕಾದ ಒತ್ತಡ 992 ಹೆಕ್ಟೊಪಾಸ್ಕಲ್) ಎಂದು ಕೇಳಿ, ಇಂಚಿನ ಪಟ್ಟಿಯಲ್ಲಿ 29.92 ತಿರುಗಿಸಿದರೆ ಏನಾಗುತ್ತದೆ? 29.92 ಇಂಚು ಎಂದರೆ 1013 ಹೆಕ್ಟೊಪಾಸ್ಕಲ್. 992ಕ್ಕೂ ಅದಕ್ಕೂ ವ್ಯತ್ಯಾಸ 21 ಹೆಕ್ಟೊಪಾಸ್ಕಲ್. ಒಂದೊಂದಕ್ಕೂ ಹೆಚ್ಚುಕಡಿಮೆ 27 ಅಡಿ. ಆಲ್ಟಿಮೀಟರ್ 1,500 ಅಡಿ ತೋರಿಸುವಾಗ ವಿಮಾನ ಇರುವುದು 1,000 ಅಡಿಗೂ ಕೆಳಗೆ, ಮೋಡ ಕವಿದ ಗುಡ್ಡಗಳ ನಡುವೆ. ಇದಕ್ಕಾಗಿಯೇ ಬ್ರಿಟನ್ನಿನ ಕಂಟ್ರೋಲರ್‌ಗಳು 1000ಕ್ಕಿಂತ ಕಡಿಮೆ ಒತ್ತಡ ಹೇಳುವಾಗ ಕೊನೆಗೆ 'ಹೆಕ್ಟೊಪಾಸ್ಕಲ್' ಎಂದು ಸೇರಿಸುತ್ತಾರೆ. ನೀವು ತಿರುಗಿ ಹೇಳುವಾಗಲೂ ಆ ಪದ ಬಿಡಬೇಡಿ.