ಏರ್ ರೈಫಲ್ ಟ್ಯೂನಿಂಗ್: ಪವರ್ ಏರಿಸುವುದಕ್ಕೆ ಆ ಹೆಸರಲ್ಲ

"ಎಲೆಕ್ಟ್ರಾನಿಕ್ ಪಿಸಿಪಿ, ಫುಲ್ ಟ್ಯೂನ್ ಆಗಿದೆ, ಪೆಲೆಟ್ ಆಗಲಿ ಸ್ಲಗ್ ಆಗಲಿ ಯಾವುದು ಹಾಕಿದರೂ ನಡೆಯುತ್ತದೆ." ಈ ಥರದ ಮಾತು ಈಗ ಎಲ್ಲ ಕಡೆ ಕಣ್ಣಿಗೆ ಬೀಳುತ್ತಿದೆ. ಪಿಸಿಪಿ ಅಂದರೆ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ಏರ್ ರೈಫಲ್, ಪೆಲೆಟ್ ಮತ್ತು ಸ್ಲಗ್ ಅದಕ್ಕೆ ಹಾಕುವ ಎರಡು ಬಗೆಯ ಸೀಸದ ಗುಂಡು. ಟ್ಯೂನ್ ಮಾಡುವುದು ಅಂದರೆ ಹೊಡೆತಗಳೆಲ್ಲ ಒಂದೇ ಕಡೆ ಬೀಳುವಂತೆ ಹೊಂದಿಸುವುದು. ಮಾರುವವರು ಬರೆಯುತ್ತಾರೆ, ವಿಡಿಯೊ ಮಾಡುವವರು ಹೇಳುತ್ತಾರೆ, ಹೊಸದಾಗಿ ಕೊಂಡವರು ನಂಬಿಬಿಡುತ್ತಾರೆ. ಆದರೆ ಬರೀ ರೈಫಲ್ ಟ್ಯೂನ್ ಆಗುವುದಿಲ್ಲ. ಆ ರೈಫಲ್, ಅದರ ಬ್ಯಾರೆಲ್, ಅದರಲ್ಲಿ ಹಾಕುವ ಒಂದು ನಿರ್ದಿಷ್ಟ ಪೆಲೆಟ್, ಮೂರೂ ಸೇರಿ ಟ್ಯೂನ್ ಆಗುತ್ತವೆ. ಯಾವ ಪೆಲೆಟ್‌ಗೆ, ಎಷ್ಟು ವೇಗಕ್ಕೆ, ಎಷ್ಟು ದೂರಕ್ಕೆ ಎಂದು ಹೇಳದೆ "ಟ್ಯೂನ್ ಆಗಿದೆ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ.

ಮೊದಲು ಒಂದು ಸಣ್ಣ ಗೊಂದಲ ಮುಗಿಸಿಬಿಡೋಣ. ಎಲೆಕ್ಟ್ರಾನಿಕ್ ಟ್ರಿಗರ್ ಇರುವ ರೈಫಲ್ ಬೇರೆ, ಎಲೆಕ್ಟ್ರಾನಿಕ್ ಆಗಿ ವಾಲ್ವ್ (ಗಾಳಿ ಬಿಡುವ ಕವಾಟ) ತೆರೆಯುವ ರೈಫಲ್ ಬೇರೆ. 10 ಮೀಟರ್ ಸ್ಪರ್ಧೆಯ ಕೆಲವು ರೈಫಲ್‌ಗಳಲ್ಲಿ ಬ್ಯಾಟರಿ ಇರುತ್ತದೆ. ಅಲ್ಲಿ ಅದು ವಾಲ್ವಿಗೆ ಹೊಡೆಯುವ ಹ್ಯಾಮರನ್ನು ಬಿಡಿಸುವ ಕೆಲಸ ಮಾತ್ರ ಮಾಡುತ್ತದೆ. ವಾಲ್ವಿಗೆ ಬೀಳುವ ಪೆಟ್ಟು ಸ್ಪ್ರಿಂಗಿನದೇ. ಡೇಸ್ಟೇಟ್ ಕಂಪನಿಯ ರೆಡ್ ವುಲ್ಫ್, ಡೆಲ್ಟಾ ವುಲ್ಫ್ ಥರದವುಗಳಲ್ಲಿ ಪೆಟ್ಟನ್ನೇ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಕೊಡುತ್ತದೆ. ವಿದ್ಯುತ್ತಿನ ಆ ಮಿಡಿತ ಎಷ್ಟು ಜೋರು, ಎಷ್ಟು ಹೊತ್ತು ಎಂಬುದನ್ನು ಸರ್ಕ್ಯೂಟ್ ಬೋರ್ಡ್ ತೀರ್ಮಾನಿಸುತ್ತದೆ. ಸ್ಪ್ರಿಂಗ್ ಬಿಗಿ ಮಾಡುವ ಬದಲು ಒಂದು ಸಂಖ್ಯೆ ಬದಲಿಸುತ್ತೀರಿ, ಅಷ್ಟೇ. ಡೆಲ್ಟಾ ವುಲ್ಫ್‌ನಲ್ಲಿ ವೇಗ ಅಳೆಯುವ ಕ್ರೊನೊಗ್ರಾಫ್ ಕೂಡ ಒಳಗೇ ಇದೆ. ಬೇಕಾದ ವೇಗವನ್ನು ಟಚ್‌ಸ್ಕ್ರೀನ್‌ನಲ್ಲಿ ಹೇಳಿದರೆ ರೈಫಲ್ ತನ್ನ ಪೆಟ್ಟನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಈ ಅನುಕೂಲದಿಂದಲೇ ದೊಡ್ಡ ಗೊಂದಲ ಹುಟ್ಟಿದ್ದು. ಸಂಖ್ಯೆ ಬದಲಿಸುವುದು ಸುಲಭ, ಅದಕ್ಕೆ ಎಲ್ಲರೂ ಮೇಲಕ್ಕೇ ಬದಲಿಸುತ್ತಾರೆ. ಟ್ಯೂನಿಂಗ್ ಅಂದರೆ ಪವರ್ ಏರಿಸುವುದು ಅಂತಾಗಿಬಿಟ್ಟಿದೆ. ನಿಜವಾಗಿ ಎಷ್ಟೋ ಸಲ ಒಳ್ಳೆಯ ಟ್ಯೂನ್ ಸಿಗುವುದು ವೇಗ ಇಳಿಸಿದಾಗ.

ಲೆಕ್ಕ ಹಾಕಿ ನೋಡೋಣ. .22 ಕ್ಯಾಲಿಬರ್ (ಬ್ಯಾರೆಲ್ ಅಳತೆ, ಇಂಚಿನಲ್ಲಿ), 18.13 ಗ್ರೇನ್ (ತೂಕದ ಅಳತೆ) ಪೆಲೆಟ್, ಸೆಕೆಂಡಿಗೆ 880 ಅಡಿ ವೇಗ. ಶಕ್ತಿ ಸುಮಾರು 42 ಜೂಲ್. ಸೆಟ್ಟಿಂಗ್ ಮುಟ್ಟದೆ 25.39 ಗ್ರೇನ್ ಪೆಲೆಟ್ ಹಾಕಿ. ಅಷ್ಟೇ ಶಕ್ತಿ ಎಂದುಕೊಂಡರೆ ವೇಗ ಸುಮಾರು 744 ಅಡಿಗೆ ಇಳಿಯಬೇಕು. ನಿಜದಲ್ಲಿ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ಭಾರದ ಪೆಲೆಟ್ ಬ್ಯಾರೆಲ್ಲಿನಲ್ಲಿ ಹೆಚ್ಚು ಹೊತ್ತು ಇರುತ್ತದೆ, ಹಿಂದಿನ ಗಾಳಿಗೆ ಅದನ್ನು ತಳ್ಳಲು ಹೆಚ್ಚು ಸಮಯ ಸಿಗುತ್ತದೆ. ಹಾಗಾಗಿ ಪಿಸಿಪಿಯಲ್ಲಿ ತೂಕ ಏರಿದರೆ ವೇಗ ಇಳಿಯುತ್ತದೆ, ಜೂಲ್ ಮಾತ್ರ ಒಂದಿಷ್ಟು ಏರುತ್ತದೆ. ಈಗ ವೇಗವನ್ನು ತಾನೇ ಸರಿಪಡಿಸಿಕೊಳ್ಳುವ ರೈಫಲ್ ತೆಗೆದುಕೊಳ್ಳಿ. ಅದಕ್ಕೆ 880 ಎಂದು ಹೇಳಿಟ್ಟಿದ್ದೀರಿ. ಗಾಳಿಯ ಒತ್ತಡ ಸಾಲುವಷ್ಟಿದ್ದರೆ ಅದು ಭಾರದ ಪೆಲೆಟ್ಟನ್ನೂ 880ಕ್ಕೇ ಒಯ್ಯುತ್ತದೆ. ಶಕ್ತಿ 59 ಜೂಲ್ ಆಯಿತು! ನೀವು ಪವರ್ ಮುಟ್ಟಲೇ ಇಲ್ಲ, ಪೆಲೆಟ್ ಡಬ್ಬಿ ಬದಲಿಸಿದಿರಿ, ಅಷ್ಟೇ. ಹಲವು ದೇಶಗಳ ಕಾನೂನು ಏರ್ ರೈಫಲ್ಲಿಗೆ ಮಿತಿ ಹಾಕುವುದು ಶಕ್ತಿಯ ಲೆಕ್ಕದಲ್ಲಿ. ವೇಗ ಮೊದಲಿನಷ್ಟೇ ಇದೆ ಅಂತ ಸುಮ್ನೆ ಕೂರುವ ಹಾಗಿಲ್ಲ, ಜೂಲ್ ಮತ್ತೆ ಲೆಕ್ಕ ಹಾಕಲೇಬೇಕು.

ಇನ್ನು ಪೆಟ್ಟನ್ನು ಮೇಲೆ ಮೇಲೆ ಏರಿಸುತ್ತಾ ಹೋದರೆ? ಪೆಲೆಟ್ ಬ್ಯಾರೆಲ್ ಬಿಟ್ಟು ಹೋಗಲು ಬೇಕಾಗುವುದು ಮೂರು ನಾಲ್ಕು ಮಿಲಿಸೆಕೆಂಡು. ಆಮೇಲೂ ವಾಲ್ವ್ ತೆರೆದೇ ಇದ್ದರೆ ಆ ಗಾಳಿ ಬರೀ ಸದ್ದಾಗುತ್ತದೆ. ಸಿಲಿಂಡರ್ ಬೇಗ ಖಾಲಿಯಾಗುತ್ತದೆ, ವೇಗ ಒಂದು ಅಡಿಯೂ ಏರುವುದಿಲ್ಲ. ಒತ್ತಡ ಏರಿಸಿದರೂ ಅಷ್ಟೇ. ಒಳಗಿನ ಗಾಳಿಯೇ ವಾಲ್ವನ್ನು ಬಿಗಿಯಾಗಿ ಮುಚ್ಚಿ ಹಿಡಿಯುತ್ತದೆ. ಅದೇ ಪೆಟ್ಟಿಗೆ ವಾಲ್ವ್ ಮೊದಲಿಗಿಂತ ಕಡಿಮೆ ತೆರೆಯುತ್ತದೆ. ಒತ್ತಡ ಏರಿದೆ, ವೇಗ ಇಳಿದಿದೆ, ಯಾಕೆ ಅಂತ ಕೇಳುವವರು ತುಂಬಾ ಜನ. ಕಾರಣ ಇದೇ.

ಈಗ ಸ್ಲಗ್ ವಿಷಯ. "ಸ್ಲಗ್ ಅಂದರೆ ಭಾರದ ಪೆಲೆಟ್" ಎನ್ನುವುದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವ ಮಾತು. ಜೆಎಸ್‌ಬಿ ಕಂಪನಿಯ .22 ಮಾನ್‌ಸ್ಟರ್ ಪೆಲೆಟ್ 25.39 ಗ್ರೇನ್. ಅದೇ ಕಂಪನಿಯ .22 ನಾಕ್‌ಔಟ್ ಸ್ಲಗ್ ಕೂಡ 25.39 ಗ್ರೇನ್. ತೂಕ ಒಂದೇ. ಒಂದೇ ಸೆಟ್ಟಿಂಗಿನಲ್ಲಿ ಎರಡನ್ನೂ ಹೊಡೆದು ಒಂದೇ ಥರದ ಗ್ರೂಪ್ (ಗುರಿಯ ಮೇಲೆ ಬಿದ್ದ ತೂತುಗಳ ಗುಂಪು) ಬರಲಿ ಎಂದರೆ ಬರುವುದಿಲ್ಲ.

ಪೆಲೆಟ್ಟಿಗೆ ಸೊಂಟ ಇದೆ, ಹಿಂದೆ ತೆಳುವಾದ ಸ್ಕರ್ಟ್ ಇದೆ. ಗಾಳಿ ಆ ಸ್ಕರ್ಟನ್ನು ಹಿಂದಕ್ಕೆ ಎಳೆದು ಮೂಗನ್ನು ನೇರ ಇಡುತ್ತದೆ. ಬ್ಯಾರೆಲ್ ಕೊಡುವ ತಿರುಗು ಅದಕ್ಕೆ ಸ್ವಲ್ಪ ಸಾಕು. ಸ್ಲಗ್ ನೇರ ಸಿಲಿಂಡರ್. ಅದು ಬರೀ ತಿರುಗುವುದರಿಂದಲೇ ನೇರ ಹೋಗಬೇಕು. ಉದ್ದ ಹೆಚ್ಚಾದಷ್ಟೂ ಹೆಚ್ಚು ತಿರುಗು ಬೇಕು. ಪೆಲೆಟ್ ಬ್ಯಾರೆಲ್‌ಗಳಲ್ಲಿ ಸಾಮಾನ್ಯವಾಗಿ 450 ಮಿಲಿಮೀಟರಿಗೆ ಒಂದು ಸುತ್ತು ಇರುತ್ತದೆ. ಉದ್ದದ ಸ್ಲಗ್‌ಗೆ ಎಷ್ಟೋ ಸಲ ಅದು ಸಾಲದು. ಇನ್ನೊಂದು, ಸ್ಲಗ್ ಮೈಯೆಲ್ಲ ಬ್ಯಾರೆಲ್ಲಿಗೆ ಉಜ್ಜುತ್ತದೆ, ಅದಕ್ಕೇ ಅಳತೆ ಮುಖ್ಯ. .22 ಸ್ಲಗ್‌ಗಳು .216, .217, .218 ಇಂಚು ಎಂದು ಬೇರೆ ಬೇರೆಯಾಗಿ ಬರುವುದು ಸುಮ್ನೆ ಅಲ್ಲ. ಬ್ಯಾರೆಲ್ ತುದಿಯ ಚೋಕ್ (ಸ್ವಲ್ಪ ಕಿರಿದಾಗುವ ಭಾಗ) ಪೆಲೆಟ್ಟಿಗೆ ಒಳ್ಳೆಯದು, ಸ್ಲಗ್‌ಗೆ ಬಹಳ ಸಲ ಅಡ್ಡಿ. ಇದ್ಯಾವುದೂ ಸ್ಕ್ರೀನಿನ ಮೆನುವಿನಲ್ಲಿ ಇರುವುದಿಲ್ಲ. ಬ್ಯಾರೆಲ್ ಒಪ್ಪದ ಸ್ಲಗ್ಗನ್ನು ಯಾವ ಎಲೆಕ್ಟ್ರಾನಿಕ್ಸೂ ಟ್ಯೂನ್ ಮಾಡಲಾರದು.

ವೇಗದ ಆಯ್ಕೆಯಲ್ಲೂ ಎರಡರ ದಾರಿ ಬೇರೆ. ಸ್ಲಗ್ಗನ್ನು ಸಾಮಾನ್ಯವಾಗಿ 900ರಿಂದ 1,000 ಅಡಿಯ ನಡುವೆ ಓಡಿಸುತ್ತಾರೆ. ಪೆಲೆಟ್ಟಿಗೆ ಆ ವೇಗ ಜಾಸ್ತಿಯೇ. ಶಬ್ದದ ವೇಗ 20 ಡಿಗ್ರಿಯಲ್ಲಿ ಸುಮಾರು 1,125 ಅಡಿ. ಅದರ ಹತ್ತಿರ ಹೋದಂತೆ ಪೆಲೆಟ್ ಅಲುಗಾಡತೊಡಗುತ್ತದೆ. ಜೊತೆಗೆ ಪೆಲೆಟ್ಟಿನ ಮುಂದಿನ ವೇಗ ಬೇಗ ಇಳಿಯುತ್ತದೆ, ತಿರುಗುವ ವೇಗ ಅಷ್ಟು ಬೇಗ ಇಳಿಯುವುದಿಲ್ಲ. ದೂರ ಹೋದ ಮೇಲೆ ತಿರುಗು ಅತಿಯಾಗಿ, ಪೆಲೆಟ್ ಸುರುಳಿ ಸುತ್ತತೊಡಗುತ್ತದೆ. 25 ಮೀಟರಿನಲ್ಲಿ ಒಂದೇ ತೂತಿನ ಗ್ರೂಪ್ ಕೊಟ್ಟ ಸೆಟ್ಟಿಂಗ್ 60 ಮೀಟರಿನಲ್ಲಿ ಚದುರಿಹೋಗುವುದು ಹೀಗೆ. ಟ್ಯೂನ್ ಮಾಡುವುದಾದರೆ ನೀವು ಹೊಡೆಯುವ ದೂರದಲ್ಲೇ ಮಾಡಿ.

ಕ್ರೊನೊಗ್ರಾಫ್ ನೋಡಿ ಸಮಾಧಾನ ಪಡುವವರಿಗೂ ಒಂದು ಮಾತು. ಹತ್ತು ಹೊಡೆತಗಳ ವೇಗದಲ್ಲಿ ನಾಲ್ಕೈದು ಅಡಿಯಷ್ಟೇ ವ್ಯತ್ಯಾಸ ಬಂದರೆ ವಾಲ್ವ್ ಒಂದೇ ಸಮ ಕೆಲಸ ಮಾಡುತ್ತಿದೆ ಎಂದರ್ಥ. ಆ ವೇಗ ಪೆಲೆಟ್ಟಿಗೆ ಹಿಡಿಸಿದೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಕಾಗದದ ಗುರಿಯೇ ಬೇಕು. ವೇಗವನ್ನು ಹತ್ತು ಹದಿನೈದು ಅಡಿಯ ಹೆಜ್ಜೆಯಲ್ಲಿ ಬದಲಿಸಿ, ಪ್ರತಿ ಹೆಜ್ಜೆಗೂ ಒಂದು ಗ್ರೂಪ್ ಹೊಡೆಯಿರಿ. ಗ್ರೂಪ್ ಚಿಕ್ಕದಾಗುವ ಜಾಗ ಕಂಡರೆ ಅದರ ಅಕ್ಕಪಕ್ಕದ ವೇಗದಲ್ಲೂ ಹೊಡೆದು ನೋಡಿ. ಎರಡೂ ಕಡೆ ಗ್ರೂಪ್ ಚಿಕ್ಕದೇ ಉಳಿದರೆ ಆ ವೇಗವನ್ನು ಆ ಪೆಲೆಟ್ಟಿನ ಹೆಸರಿನಲ್ಲಿ ಸೇವ್ ಮಾಡಿ. ಪೆಲೆಟ್ ಬ್ರ್ಯಾಂಡ್ ಬದಲಿಸಿದ ಕೂಡಲೇ ಬಂದ ಮೊದಲ ಕೆಲವು ಗ್ರೂಪ್ ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯ ಸೀಸ ಬ್ಯಾರೆಲ್ಲಿನಲ್ಲಿ ಇನ್ನೂ ಇರುತ್ತದೆ.